ಅರ್ಜಿಯೂ ಒಂದು ಸಾಕ್ಷ್ಯ

ಬಡವರ ಪರವಾಗಿ ಸಹಾಯ ಬೇಡುವಾಗ ಅವರ ಬಡತನವನ್ನು ಇರುವುದಕ್ಕಿಂತ ಹೆಚ್ಚಾಗಿ ಬಣ್ಣಿಸಬಹುದೇ? ಉದ್ದೇಶ ಒಳ್ಳೆಯದಾಗಿದ್ದರೆ ಅತಿಶಯೋಕ್ತಿ ಕ್ಷಮ್ಯವೇ? ಗುರುಮಠದಲ್ಲಿ ನೀತಿಶಾಸ್ತ್ರ ಓದುತ್ತಿದ್ದಾಗ ಈ ಪ್ರಶ್ನೆ ನನಗೆ ಬಹಳ ಸುಲಭವೆನಿಸಿತ್ತು. ರೋಣ ತಾಲ್ಲೂಕಿನ ಹೊಳೆದಂಡೆಯ ಹಳ್ಳಿಯೊಂದರಲ್ಲಿ ಅದು ನನ್ನನ್ನೇ ತಲೆತಗ್ಗಿಸುವಂತೆ ಮಾಡಿತು.

2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿದಾಗ ರೋಣ, ನರಗುಂದ ತಾಲ್ಲೂಕುಗಳ ನದಿತೀರದ ಗ್ರಾಮಗಳು ಜಲಾವೃತವಾದವು. 2009ರ ಪ್ರವಾಹದ ನೆನಪು ಮಾಸುವ ಮೊದಲೇ ಬಂದ ಆಪತ್ತು ಅದು. ಬಳಿಕ ಕೊರೋನಾದಿಂದ ಶಾಲೆಗಳು ಮುಚ್ಚಿದವು. ಅವು ಮತ್ತೆ ತೆರೆಯುವ ವೇಳೆಗೆ ಅನೇಕ ಮಕ್ಕಳು ಕಲಿತ ಅಕ್ಷರವನ್ನೂ ಮರೆತಿದ್ದರು. ದುಡಿಮೆಗಾಗಿ ಗೋವಾ, ಮಂಗಳೂರುಗಳತ್ತ ಗುಳೆ ಹೋದವರ ಮಕ್ಕಳಿಗೆ ಅಜ್ಜಿಯರೇ ಆಸರೆ. ಈ ಮಕ್ಕಳಿಗಾಗಿ ಸಂಜೆಯ ಪಾಠಶಾಲೆ ತೆರೆಯಲು ಅಲ್ಲಿನ ಮಹಿಳಾ ಸಂಘ ಬಯಸಿತು. ಪ್ರತಿಷ್ಠಾನವೊಂದಕ್ಕೆ ಅರ್ಜಿ ಬರೆದುಕೊಡುವ ಹೊಣೆ ನನ್ನ ಪಾಲಿಗೆ ಬಂತು.

ಮಕ್ಕಳಿದ್ದದ್ದು 38. ಸುತ್ತಲಿನ ಊರುಗಳಿಂದಲೂ ಬಂದಾರೆಂದು ಸಮಾಧಾನ ಮಾಡಿಕೊಂಡು ನಾನು 120 ಎಂದು ಬರೆದೆ. ತಾಯಂದಿರು ನಿರಕ್ಷರಿಗಳು, ತಂದೆಯಂದಿರು ಕುಡಿತಕ್ಕೆ ದಾಸರು ಎಂದೂ ಸೇರಿಸಿದೆ. ಕರಡನ್ನು ಸಂಘದ ಸಭೆಯಲ್ಲಿ ಓದಿದಾಗ ಎಲ್ಲರೂ ಮೌನವಾದರು. ಕೊನೆಗೆ ವೃದ್ಧೆಯೊಬ್ಬರು ಕೇಳಿದರು: “ಇದು ಯಾವ ಊರಿನ ಸುದ್ದಿರೀ ಫಾದರ್? ನನ್ನ ಮಗ ಕುಡಿಯೂದಿಲ್ಲ. ದುಡಿಯಾಕ ಹೋಗ್ಯಾನ.”

ನನ್ನ ಬಳಿ ಸಮರ್ಥನೆಗಳಿಗೆ ಕೊರತೆಯಿರಲಿಲ್ಲ. 2013ರ ಕಂಪನಿ ಕಾಯ್ದೆಯ ಪ್ರಕಾರ ನಿಗದಿತ ಗಾತ್ರ ಮೀರಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಕನಿಷ್ಠ ಶೇ. 2ರಷ್ಟನ್ನು ಸಮಾಜಕಾರ್ಯಗಳಿಗೆ ವೆಚ್ಚ ಮಾಡಬೇಕು. ಹಲವು ಕಂಪನಿಗಳು ಇದನ್ನು ತಮ್ಮ ಪ್ರತಿಷ್ಠಾನಗಳ ಮೂಲಕ ಮಾಡುತ್ತವೆ. ಆದರೆ ತಾವು ಕಾರ್ಯನಿರ್ವಹಿಸುವ ಪ್ರದೇಶಕ್ಕೆ ಆದ್ಯತೆ ಕೊಡಬೇಕೆಂದೂ ಅದೇ ಕಾಯ್ದೆ ಹೇಳುತ್ತದೆ. ಗಜೇಂದ್ರಗಡದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತಿವೆ ನಿಜ. ಆದರೂ ಮಗ್ಗ ಮತ್ತು ಎರೆಹೊಲಗಳನ್ನು ನಂಬಿದ ಈ ನಾಡಿಗೆ ದೊಡ್ಡ ನಗರಗಳ ಭಾಗ್ಯವಿಲ್ಲ. ಎಲ್ಲರೂ ಅಂಕಿಗಳನ್ನು ಹಿಗ್ಗಿಸುವಾಗ ನಾವು ಮಾತ್ರ ಇದ್ದದ್ದನ್ನು ಇದ್ದಂತೆ ಬರೆದರೆ ನಷ್ಟ ಯಾರಿಗೆ? ಮಕ್ಕಳಿಗಲ್ಲವೇ?

ಈ ವಾದದಲ್ಲಿ ಎರಡು ದೋಷಗಳಿವೆ. ಪ್ರತಿಷ್ಠಾನದ ಹಣಕ್ಕೆ ಮಿತಿಯುಂಟು. ನಾವು ಸೇರಿಸಿದ 82 ಮಕ್ಕಳು ಕಾಗದದ ಮೇಲಿನವರಾದರೂ, ಅವರ ಹೆಸರಿನಲ್ಲಿ ಬರುವ ಹಣ ನರಗುಂದದ ಅಥವಾ ಗಜೇಂದ್ರಗಡದ ನಿಜವಾದ ಮಕ್ಕಳ ಪಾಲಿನದಾಗಿರಬಹುದು. ಎರಡನೆಯದು ಇನ್ನೂ ಸೂಕ್ಷ್ಮ. ಸುಳ್ಳುಸಾಕ್ಷಿ ನುಡಿಯಬಾರದೆಂಬ ಆಜ್ಞೆಯನ್ನು ನೆರೆಯವನಿಗೆ ಕೇಡು ಬಯಸುವವರಿಗೆ ಮಾತ್ರ ಅನ್ವಯಿಸುತ್ತೇವೆ. ಅವನಿಗೆ ಉಪಕಾರ ಮಾಡಹೊರಟು ಅವನ ಮಾನವನ್ನೇ ಅಡವಿಡುವುದೂ ಅದೇ ಪಾಪವೆಂಬುದು ನನಗೆ ಆ ಸಂಜೆ ತಿಳಿಯಿತು.

ನಮ್ಮ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ನೇತೃತ್ವದಲ್ಲಿ ದೇಶದ ಮೊದಲ ಕೃಷಿ ಸಹಕಾರ ಸಂಘ ಹುಟ್ಟಿತು. ಆ ರೈತರಿಗೂ ಹಣದ ಅಗತ್ಯವಿತ್ತು. ಒಬ್ಬರ ಮಾತಿಗೆ ಮತ್ತೊಬ್ಬರು ಹೊಣೆ ನಿಲ್ಲುವ ನಂಬಿಕೆಯೇ ಅವರ ಬಂಡವಾಳವಾಗಿತ್ತು. ನನ್ನ ಅರ್ಜಿಯಲ್ಲಿ ಊರಿನ ಕೊರತೆಗಳೆಲ್ಲ ಇದ್ದವು. ಊರಿನ ಇಂತಹ ಆಸ್ತಿಯ ಬಗ್ಗೆ ಒಂದು ಸಾಲೂ ಇರಲಿಲ್ಲ.

ಮತ್ತೆ ಬರೆದೆವು. ಮಕ್ಕಳು 38. ಕೋಣೆ ಊರಿನದು. ಕಸಗುಡಿಸಿ ದೀಪ ಹಚ್ಚುವ ಪಾಳಿ ಅಜ್ಜಿಯರದು. ಪಾಠ ಹೇಳುವವರು ಪದವಿ ಮುಗಿಸಿದ ಊರಿನ ಇಬ್ಬರು ಹೆಣ್ಣುಮಕ್ಕಳು. ಅವರ ಗೌರವಧನವನ್ನೂ ಲೆಕ್ಕಪರಿಶೋಧಕರ ಶುಲ್ಕವನ್ನೂ ‘ಪುಸ್ತಕ ವೆಚ್ಚ’ದೊಳಗೆ ಅಡಗಿಸದೆ ಪ್ರತ್ಯೇಕವಾಗಿ ನಮೂದಿಸಿದೆವು. ಜೆರುಸಲೇಮಿನ ಬಡವರಿಗಾಗಿ ವಂತಿಗೆ ಕೂಡಿಸಿದ ಸಂತ ಪೌಲರೂ ಯಾರೂ ಸಂಶಯಪಡದಿರಲೆಂದು ತೀತನ ಜೊತೆಗೆ ಸಭೆಗಳು ನಂಬಿದ ಸಹೋದರರನ್ನು ಕಳುಹಿಸಿದ್ದರು. ಲೆಕ್ಕ ಒಪ್ಪಿಸುವುದೂ ಪ್ರೀತಿಯ ಕಾರ್ಯವೇ.

ಆ ವರ್ಷ ನಮ್ಮ ಅರ್ಜಿ ತಿರಸ್ಕೃತವಾಯಿತು; ಫಲಾನುಭವಿಗಳ ಸಂಖ್ಯೆ ಕಡಿಮೆಯೆಂಬುದೇ ಕಾರಣ. ಆದ್ದರಿಂದ ಸತ್ಯ ಹೇಳಿದವರಿಗೆ ಹಣ ದೊರೆತೇ ತೀರುವುದೆಂದು ನಾನು ಹೇಳಲಾರೆ. ಮಹಿಳೆಯರು ಮನೆಮನೆಯಿಂದ ಹಿಡಿ ಜೋಳ ಕೂಡಿಸಿ, ಮಾರಿ, ವಾರಕ್ಕೆ ಮೂರು ದಿನ ಪಾಠ ಆರಂಭಿಸಿದರು. ಆರು ದಿನ ನಡೆಸಬೇಕೆಂಬ ಆಸೆ ಹಾಗೆಯೇ ಉಳಿಯಿತು. ಆ ಮೂರು ದಿನಗಳ ನಷ್ಟ ಇಂದಿಗೂ ನನ್ನನ್ನು ಕಾಡುತ್ತದೆ. ಆದರೂ ಆ ಊರಿಗೆ ಹೋದಾಗ ನಾನು ಅಜ್ಜಿಯ ಮುಖ ನೋಡಿ ಮಾತನಾಡಬಲ್ಲೆ.

ಪ್ರಿಯ ಓದುಗರೇ, ನಿಮ್ಮಲ್ಲಿ ಅನೇಕರು ಸ್ವಸಹಾಯ ಗುಂಪುಗಳಲ್ಲಿ, ಯುವಕ ಸಂಘಗಳಲ್ಲಿ ಹೊಣೆ ಹೊತ್ತವರು. ನಾಳೆ ನೀವೂ ಇಂತಹ ಅರ್ಜಿಗೆ ಸಹಿ ಹಾಕಬೇಕಾದೀತು. ಅದಕ್ಕೆ ಮೊದಲು, ಯಾರ ಬಗ್ಗೆ ಬರೆದಿದ್ದೀರೋ ಅವರ ಮುಂದೆಯೇ ಅದನ್ನು ಗಟ್ಟಿಯಾಗಿ ಓದಿರಿ. ಯಾವ ಸಾಲಿಗೆ ಅವರು ತಲೆತಗ್ಗಿಸುವರೋ ಆ ಸಾಲನ್ನು ಹೊಡೆದುಹಾಕಿರಿ.