ಮಕ್ಕಳ ಬಾಯಲ್ಲಿ ಯಾರ ಮಾತು?

‘ಲಾಬಿ’ ಎಂಬ ಶಬ್ದ ನಮ್ಮ ಕಿವಿಗೆ ಹಿತವಾದುದಲ್ಲ. ಮದ್ಯದ ಲಾಬಿ, ಗಣಿ ಲಾಬಿ ಎಂದೇ ಪತ್ರಿಕೆಗಳಲ್ಲಿ ಓದಿ ಬಲ್ಲವರಿಗೆ, ಶಾಲೆ-ಕಾಲೇಜುಗಳ ಮಕ್ಕಳನ್ನು ತಮ್ಮ ಆರೋಗ್ಯದ ವಿಷಯವಾಗಿ ಶಾಸಕರ ಮುಂದೆ ಲಾಬಿ ಮಾಡಲು ಸಿದ್ಧಪಡಿಸುವುದೆಂದರೆ ಹಸುಗೂಸನ್ನು ಸಂತೆಯಲ್ಲಿ ನಿಲ್ಲಿಸಿದಂತೆ ತೋರುವುದು ಸಹಜ. ಆದರೆ ಅದರ ಅರ್ಥ ಇಷ್ಟೆ: ಶಾಸನ ಮಾಡುವವರ ಬಳಿಗೆ ಹೋಗಿ, ತನ್ನ ಅಹವಾಲನ್ನು ಹೇಳಿ, ಅವರ ಮನವೊಲಿಸುವುದು. ಮಾರಾಟ ತೆರಿಗೆಯ ಕಾಲದಿಂದಲೂ ವರ್ತಕರ ನಿಯೋಗಗಳಲ್ಲಿ ನಾವು ಮಾಡುತ್ತ ಬಂದಿರುವುದು ಇದನ್ನೇ. ನಾವು ಅದನ್ನು ‘ಮನವಿ’ ಎಂದು ಕರೆದೆವು, ಅಷ್ಟೆ.

ಮಕ್ಕಳೇ ಏಕೆ ಹೋಗಬೇಕು, ಹಿರಿಯರು ಹೇಳಿದರೆ ಸಾಲದೇ ಎಂಬುದು ಮೊದಲ ಆಕ್ಷೇಪ. ನಮ್ಮ ವಿಧಾನಸಭೆಯ 224 ಸದಸ್ಯರಲ್ಲಿ ಒಬ್ಬರೂ 25 ವರ್ಷಕ್ಕಿಂತ ಕಿರಿಯರಾಗಿರಲು ಸಂವಿಧಾನ ಬಿಡುವುದಿಲ್ಲ. ಮತದಾನದ ವಯಸ್ಸು 1989ರಲ್ಲಿ 21ರಿಂದ 18ಕ್ಕೆ ಇಳಿಯಿತಾದರೂ ಹದಿನೈದರ ಬಾಲಕಿಗೆ ಮತವಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19ರ ವಯಸ್ಸಿನ ಹುಡುಗಿಯರಲ್ಲಿ ಶೇ. 59ರಷ್ಟು, ಹುಡುಗರಲ್ಲಿ ಶೇ. 31ರಷ್ಟು ಮಂದಿಗೆ ರಕ್ತಹೀನತೆಯಿತ್ತು. ಯೋಜನೆಗಳಿಲ್ಲವೆಂದಲ್ಲ. ವಾರಕ್ಕೊಂದು ಕಬ್ಬಿಣಾಂಶದ ಮಾತ್ರೆ ಕೊಡುವ ಕಾರ್ಯಕ್ರಮವಿದೆ; 2014ರ ಜನವರಿಯಲ್ಲಿ ಆರಂಭವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮವಿದೆ. ಆದರೆ ಮಾತ್ರೆ ಶಾಲೆಗೆ ಬಂದಿತೇ, ಬಂದದ್ದು ಹೊಟ್ಟೆ ಸೇರಿತೇ ಅಥವಾ ವಾಕರಿಕೆಯೆಂದು ಕಿಟಕಿಯಾಚೆ ಹೋಯಿತೇ ಎಂಬುದನ್ನು ಬಲ್ಲವರು ಮಕ್ಕಳೇ. ಸರಕಾರಿ ಶಾಲೆ-ಕಾಲೇಜುಗಳ ಹುಡುಗಿಯರಿಗೆ ಋತುಸ್ರಾವದ ದಿನಗಳ ಪ್ಯಾಡು ಕೊಡುವ ‘ಶುಚಿ’ ಯೋಜನೆ 2013-14ರಲ್ಲಿ ಬಂದು, ಕೋವಿಡ್ ನಂತರ ವರ್ಷಗಟ್ಟಲೆ ನಿಂತುಹೋಗಿ, 2024ರಲ್ಲಿ ಮರಳಿ ಆರಂಭವಾಯಿತು. ನಡುವಿನ ತಿಂಗಳುಗಳನ್ನು ಹೇಗೆ ಕಳೆದೆವೆಂಬುದನ್ನು ಕಡತ ಹೇಳಲಾರದು.

ಆದುದರಿಂದ ಮಕ್ಕಳು ಮಾತನಾಡಬೇಕೇ ಎಂಬುದು ನನ್ನ ದೃಷ್ಟಿಯಲ್ಲಿ ಪ್ರಶ್ನೆಯೇ ಅಲ್ಲ. ಪ್ರಶ್ನೆ ಅಡಗಿರುವುದು ‘ಸಿದ್ಧಪಡಿಸುವುದು’ ಎಂಬ ಮಾತಿನಲ್ಲಿ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ಜೀವಾಧಿಕರಣದ 108 ಭೇದಗಳನ್ನು ಎಣಿಸುವಾಗ ಕೃತ, ಕಾರಿತ, ಅನುಮತ ಎಂಬ ಮೂರನ್ನೂ, ಅಂದರೆ ತಾನೇ ಮಾಡಿದ್ದು, ಪರರಿಂದ ಮಾಡಿಸಿದ್ದು, ಪರರು ಮಾಡಿದ್ದಕ್ಕೆ ಸಮ್ಮತಿಸಿದ್ದು, ಇವನ್ನು ಒಂದೇ ಸಾಲಿನಲ್ಲಿ ಇರಿಸುತ್ತದೆ. (ಜಪಮಾಲೆಯ 108 ಮಣಿ ಎಣಿಸುವಾಗ ನಾವು ಇದನ್ನು ನೆನೆಯುವುದು ಕಡಿಮೆ.) ಮಕ್ಕಳಿಂದ ಆಡಿಸಿದ ಮಾತು ಆಡಿಸಿದವನ ಖಾತೆಗೂ ಬೀಳುತ್ತದೆ.

ಅದೇ ಗ್ರಂಥದ ಏಳನೆಯ ಅಧ್ಯಾಯದಲ್ಲಿ ಸತ್ಯವ್ರತದ ಐದು ಅತಿಚಾರಗಳನ್ನು ಹೇಳಿದೆ. ಅವುಗಳಲ್ಲಿ ಮೊದಲನೆಯದು ಮಿಥ್ಯೋಪದೇಶ. ತಾನು ಪರಿಶೀಲಿಸದ ಅಂಕಿಯನ್ನು ಮಗುವಿಗೆ ಕಂಠಪಾಠ ಮಾಡಿಸುವುದು ಇದಕ್ಕೆ ಬಹಳ ದೂರವಲ್ಲ. ಶಾಸಕರು “ಈ ಲೆಕ್ಕ ಎಲ್ಲಿಂದ ಬಂತಮ್ಮಾ?” ಎಂದೊಡನೆ ಮಗು ಹಿಂದೆ ನಿಂತ ಮೇಷ್ಟರ ಮುಖ ನೋಡುತ್ತದೆ. ಇನ್ನೊಂದು ಕೂಟಲೇಖಕ್ರಿಯೆ, ಎಂದರೆ ಸುಳ್ಳು ಬರಹ. ಮನವಿಯನ್ನು ಓದದ ಇನ್ನೂರು ಮಕ್ಕಳಿಂದ ಪ್ರಾರ್ಥನೆಯ ಹೊತ್ತಿನಲ್ಲಿ ಸಹಿ ಹಾಕಿಸುವುದಕ್ಕೂ ನಡೆಯದ ವ್ಯಾಪಾರವನ್ನು ಕಿರ್ದಿಯಲ್ಲಿ ಬರೆಯುವುದಕ್ಕೂ ನನಗೆ ವ್ಯತ್ಯಾಸ ತೋರುವುದಿಲ್ಲ.

ನನ್ನನ್ನು ಹೆಚ್ಚು ಕಾಡುವುದು ರಹೋಭ್ಯಾಖ್ಯಾನ, ಏಕಾಂತದ ಸಂಗತಿಯನ್ನು ಬಯಲು ಮಾಡುವುದು. ಟೀಕಾಕಾರರು ಇದನ್ನು ಸ್ತ್ರೀಪುರುಷರ ಏಕಾಂತದ ಕುರಿತು ಹೇಳಿದ್ದಾರೆ. ನಾನು ಅದನ್ನು ಹದಿಹರೆಯದ ಶರೀರಕ್ಕೂ ವಿಸ್ತರಿಸುತ್ತಿದ್ದೇನೆ; ಪಂಡಿತರು ಒಪ್ಪದಿದ್ದರೆ ತಿಳಿಸಲಿ. ಕೇಳುವವರ ಮನ ಕರಗಿಸಲು ಅಂಕಿಗಿಂತ ಕಥೆ ಮೇಲೆಂಬುದು ನಿಜ. ಆದುದರಿಂದಲೇ ತಿಂಗಳ ಸ್ರಾವ ಹೆಚ್ಚಾಗಿ ತರಗತಿಯಲ್ಲಿ ಕುಸಿದ ಹುಡುಗಿಯನ್ನೋ, ಮನಸ್ಸು ಕೆಟ್ಟು ಊಟ ಬಿಟ್ಟ ಹುಡುಗನನ್ನೋ ಮುಂದೆ ನಿಲ್ಲಿಸಿ “ನಿನ್ನ ಕಥೆ ಹೇಳು” ಎನ್ನುವ ಆಸೆ ಹುಟ್ಟುತ್ತದೆ. ಅಂದು ಎಲ್ಲರ ಕಣ್ಣೂ ಒದ್ದೆಯಾಗುತ್ತದೆ. ಯಾರೋ ಮೊಬೈಲಿನಲ್ಲಿ ಚಿತ್ರೀಕರಿಸಿಕೊಳ್ಳುತ್ತಾರೆ. ಹತ್ತು ವರ್ಷಗಳ ಬಳಿಕ ವರನ ಕಡೆಯವರು ಅದನ್ನು ನೋಡುತ್ತಾರೆ. ಸಂಬಂಧ ಕೂಡಿಸಿ ಬಲ್ಲವರಿಗೆ ಇದು ಬರಿಯ ಕಲ್ಪನೆಯ ಭಯವೆನಿಸದು. ಹದಿನಾಲ್ಕರಲ್ಲಿ ಕೊಟ್ಟ ಒಪ್ಪಿಗೆ ಇಪ್ಪತ್ನಾಲ್ಕರಲ್ಲೂ ಒಪ್ಪಿಗೆಯೇ?

ಆಕೆ “ನನಗೆ ಹೀಗಾಯಿತು” ಎನ್ನಬೇಕಾಗಿಲ್ಲ. “ನಮ್ಮ ಕಾಲೇಜಿನ ನಾನೂರು ಹುಡುಗಿಯರಿಗೆ ಎರಡು ಶೌಚಾಲಯಗಳಿವೆ, ಒಂದಕ್ಕೆ ಚಿಲಕವಿಲ್ಲ” ಎಂದರೆ ಸಾಕು. ಸರಕಾರಿ ಪದವಿಪೂರ್ವ ಕಾಲೇಜಿನ ಅಭಿವೃದ್ಧಿ ಸಮಿತಿಗೆ ಕ್ಷೇತ್ರದ ಶಾಸಕರೇ ಅಧ್ಯಕ್ಷರು. ಅವರ ಕೈಯಲ್ಲಿ ಪ್ರದೇಶಾಭಿವೃದ್ಧಿ ನಿಧಿಯೂ ಇದೆ. ಕಣ್ಣೀರಿಗೆ ಸಾಂತ್ವನ ಹೇಳಿ ಕಳುಹಿಸಬಹುದು, ಚಿಲಕಕ್ಕೆ ಉತ್ತರ ಕೊಡಲೇಬೇಕಾಗುತ್ತದೆ.

ಇನ್ನು ನಮ್ಮವರಿಗೇ ಕಠಿಣವಾದ ಭಾಗ. 2021ರ ಡಿಸೆಂಬರಿನಲ್ಲಿ ಸರಕಾರವು ಅಪೌಷ್ಟಿಕತೆ ಹೆಚ್ಚಿದ್ದ ಉತ್ತರದ ಕೆಲವು ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆ ಕೊಡಲಾರಂಭಿಸಿತು, ಒಲ್ಲದವರಿಗೆ ಬಾಳೆಹಣ್ಣು. ಬಳಿಕ ಅದು ರಾಜ್ಯಕ್ಕೆಲ್ಲ ವಿಸ್ತರಿಸಿತು. ಹಲವು ಮಠಾಧೀಶರು ವಿರೋಧಿಸಿದರು. ನಮ್ಮ ಸಮಾಜದ ಧ್ವನಿಯೂ ಅದರಲ್ಲಿ ಸೇರಿತ್ತು. ಆಗ ಗಂಗಾವತಿಯ ವಿದ್ಯಾರ್ಥಿನಿಯೊಬ್ಬಳು, ಮೊಟ್ಟೆ ನಿಲ್ಲಿಸಿದರೆ ಮಠಕ್ಕೇ ಬಂದು ತಿನ್ನುವೆವೆಂದು ಗುಡುಗಿದ್ದು ನಾಡೆಲ್ಲ ಹರಡಿತು. ಯಾವುದೋ ಸಂಘಟನೆಯವರು ಹೇಳಿಕೊಟ್ಟದ್ದು ಎಂದು ಆ ಮಾತನ್ನು ತಳ್ಳಿಹಾಕಿದವರುಂಟು. ಇರಬಹುದು, ಇಲ್ಲದಿರಬಹುದು. ನಮ್ಮ ವಿದ್ಯಾರ್ಥಿನಿಲಯಗಳ ಮಕ್ಕಳು ಮಹಾವೀರ ಜಯಂತಿಯಂದು ಮಾಡುವ ಅಹಿಂಸೆಯ ಭಾಷಣಗಳನ್ನು ಬರೆದುಕೊಡುವವರು ಯಾರು?

ನಾಳೆ ಒಂದು ಬಸದಿಯ ಟ್ರಸ್ಟು ಊರಿನ ಸರಕಾರಿ ಶಾಲೆಯ ಮಕ್ಕಳನ್ನು ಇಂತಹ ನಿಯೋಗಕ್ಕೆ ಸಿದ್ಧಪಡಿಸಿತೆನ್ನಿ. ಅವರಲ್ಲೊಬ್ಬ ಹುಡುಗ ತನ್ನ ಟಿಪ್ಪಣಿಯಲ್ಲಿ ‘ಮೊಟ್ಟೆ ಮುಂದುವರಿಯಲಿ’ ಎಂದು ಬರೆದರೆ ಆ ಸಾಲನ್ನು ಹೊಡೆದುಹಾಕಬಹುದೇ? ಹೊಡೆಯಬಾರದೆಂದೇ ನನ್ನ ಅಭಿಪ್ರಾಯ. ಮೊಟ್ಟೆಯಲ್ಲಿ ಒಳ್ಳೆಯ ಪ್ರೋಟೀನು ಇದೆ, ಆದರೆ ಕಬ್ಬಿಣಾಂಶ ಹೆಚ್ಚಿಲ್ಲ, ರಕ್ತಹೀನತೆಗೆ ಅದೊಂದೇ ಮದ್ದಲ್ಲ ಎಂದು ಅವನಿಗೆ ತಿಳಿಸಬಹುದು. ತಿಳಿದ ಮೇಲೂ ಉಳಿಸಿಕೊಂಡರೆ ಅದು ಅವನ ಸಾಲು. ನಮ್ಮ ಪಾಕಶಾಲೆಯಲ್ಲಿ ಮೊಟ್ಟೆ ಬೇಯುವುದಿಲ್ಲ, ಅದು ನಮ್ಮ ವ್ರತ. ಮೊಟ್ಟೆ ಬೇಡವೆಂದು ಶಾಸಕರಿಗೆ ಬರೆಯುವ ಹಕ್ಕೂ ನಮಗುಂಟು; ನಮ್ಮ ಹೆಸರಿನಲ್ಲಿ, ನಮ್ಮ ಸಹಿಯಲ್ಲಿ ಬರೆಯೋಣ. ಬರೆಯುವಾಗ, ಹಾಲು-ಮೊಸರು ಬಿಟ್ಟರೆ ಸಸ್ಯಾಹಾರದಲ್ಲಿ ಸಹಜವಾಗಿ ದೊರೆಯದ ಬಿ-12 ಜೀವಸತ್ವವನ್ನು ಬಡ ಮಕ್ಕಳಿಗೆ ಹೇಗೆ ಒದಗಿಸುವುದು, ಅದರ ವೆಚ್ಚ ಯಾರದು ಎಂಬುದನ್ನೂ ಬರೆಯಬೇಕಾಗುತ್ತದೆ.

ಹಾಗಾದರೆ ಸಾಲನ್ನು ಬಿಟ್ಟದ್ದೇ ಹಿಂಸೆಗೆ ಅನುಮೋದನೆಯಾಗದೇ? ಈ ಪ್ರಶ್ನೆಯನ್ನು ನಾನು ಹಗುರವೆಂದು ಭಾವಿಸುವುದಿಲ್ಲ. ನಮ್ಮ ಭಿನ್ನಮತವನ್ನು ಮಕ್ಕಳಿಗೂ ಅವರ ಪಾಲಕರಿಗೂ ಮೊದಲೇ ತಿಳಿಸಿದ್ದರೆ, ಪರರ ಮಾತಿಗೆ ಅಡ್ಡಬಾರದಿರುವುದು ಸಮ್ಮತಿಯಾಗದೆಂಬುದು ನನ್ನ ತಿಳಿವಳಿಕೆ. ಇದು ಸರಿಬಾರದ ಟ್ರಸ್ಟು ಈ ಕಾರ್ಯಕ್ಕೆ ಕೈಹಾಕದಿರುವುದೇ ಪ್ರಾಮಾಣಿಕತೆ. ಮಕ್ಕಳನ್ನು ಕರೆತಂದು, ನಮಗೆ ಬೇಕಾದುದನ್ನಷ್ಟೇ ನುಡಿಸಿ, ‘ಇದು ಮಕ್ಕಳ ಧ್ವನಿ’ ಎಂದು ಪತ್ರಿಕೆಗೆ ಕೊಡುವುದಂತೂ ಸಲ್ಲದು.

ಹಾಗಾದರೆ ಕಲಿಸಬೇಕಾದುದೇನು? ಎದುರು ಪಕ್ಷದ ಮಾತನ್ನು ಮೊದಲು ಕಲಿಸಬೇಕು. ಒಬ್ಬ ಹುಡುಗ ಶಾಸಕನಾಗಿ ಕುಳಿತು “ಹಣವೆಲ್ಲಿದೆ? ರಸ್ತೆ ಬಿಟ್ಟು ಇದಕ್ಕೆ ಕೊಡಲೇ?” ಎಂದು ಕೇಳಲಿ, ಅನೇಕಾಂತದ ಪಾಠವೂ ಅಲ್ಲೇ ಆಗುತ್ತದೆ. ಆಯವ್ಯಯ ಸಾಮಾನ್ಯವಾಗಿ ಫೆಬ್ರವರಿ-ಮಾರ್ಚಿನಲ್ಲಿ ಮಂಡನೆಯಾಗುವುದರಿಂದ ಏಪ್ರಿಲಿನ ಮನವಿ ವರ್ಷ ಕಾಯಬೇಕೆಂಬುದನ್ನು ತಿಳಿಸಬೇಕು. ಶಾಸಕರು ಸದನದಲ್ಲಿ ಪ್ರಶ್ನೆ ಎತ್ತಿದರೆ ಸರಕಾರದ ಉತ್ತರವನ್ನು ತರಿಸಿ ಮಕ್ಕಳಿಗೆ ಓದಿಹೇಳುವವರು ಯಾರೆಂಬುದನ್ನು ನಿಯೋಗ ಹೊರಡುವ ಮೊದಲೇ ಠರಾವು ಪುಸ್ತಕದಲ್ಲಿ ಬರೆದಿಡಬೇಕು. ದೊಡ್ಡ ತರಗತಿಯವರು ಪರೀಕ್ಷೆ ಮುಗಿಸಿ ಚದುರಿಹೋಗುತ್ತಾರೆ. ಆದ್ದರಿಂದ ಎಂಟನೆಯ ತರಗತಿಯ ಇಬ್ಬರನ್ನಾದರೂ ಜೊತೆಗೆ ಕರೆದೊಯ್ಯುವುದು ಮೇಲು.