ಹತ್ತು ಕಡೆ ತೋಡುವವರು

"ಹತ್ತು ಕಡೆ ಗುಂಡಿ ತೋಡಿದರೆ ನೀರು ಸಿಗದು, ಒಂದೇ ಕಡೆ ಬಾವಿ ತೋಡಬೇಕು." ಈ ಮಾತನ್ನು ತರಗತಿಯಲ್ಲಿ ಅದೆಷ್ಟು ಸಲ ಹೇಳಿದ್ದೇನೋ. ಒಮ್ಮೆ ಎಂಟನೆಯ ತರಗತಿಯ ಹುಡುಗಿಯೊಬ್ಬಳ ಪ್ರಗತಿಪತ್ರದಲ್ಲಿ ಷರಾ ಬರೆದೆ: "ಬುದ್ಧಿವಂತೆ, ಆದರೆ ಯಾವುದರಲ್ಲೂ ನಿಲ್ಲುವುದಿಲ್ಲ." ಲೆಕ್ಕದ ಪುಸ್ತಕದ ಅಂಚಿನಲ್ಲಿ ಎಲೆಯ ನರಗಳನ್ನು ಬರೆಯುತ್ತಿದ್ದಳು. ಇತಿಹಾಸದ ಪಾಠದ ನಡುವೆ ಎದ್ದು ನಿಂತು, ಹಳೆಯ ಕಟ್ಟಡಗಳ ಗಾರೆಗೆ ಸುಣ್ಣದ ಜೊತೆ ಏನು ಬೆರೆಸುತ್ತಿದ್ದರು ಎಂದು ಕೇಳುತ್ತಿದ್ದಳು. ಆ ಷರಾದ ನಂತರ ಕೇಳುವುದನ್ನೇ ಬಿಟ್ಟಳು. ಸುಧಾರಿಸಿದಳು ಎಂದುಕೊಂಡೆ.

ಥಾಮಸ್ ಯಂಗ್ ಬಗ್ಗೆ ಓದಿದಾಗಲೆಲ್ಲ ನನಗೆ ಆ ಷರಾ ನೆನಪಾಗುತ್ತದೆ. 1773ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಈತ ವೃತ್ತಿಯಿಂದ ವೈದ್ಯ. ಹತ್ತಿರದ್ದನ್ನೂ ದೂರದ್ದನ್ನೂ ನೋಡಲು ಕಣ್ಣಿನ ಮಸೂರವೇ ಆಕಾರ ಬದಲಿಸುತ್ತದೆಂದು ತೋರಿಸಿದ. ಬೆಳಕು ಅಲೆಯೆಂದು ವಾದಿಸಿದ. ಎಳೆದರೆ ವಸ್ತು ಎಷ್ಟು ಹಿಗ್ಗುತ್ತದೆ ಎಂಬ ಲೆಕ್ಕಕ್ಕೆ 1807ರಲ್ಲಿ ಅಚ್ಚಾದ ತನ್ನ ಉಪನ್ಯಾಸಗಳಲ್ಲಿ ಒಂದು ಅಳತೆ ಕೊಟ್ಟ. ಎಂಜಿನಿಯರಿಂಗ್ ಓದುವ ಮಕ್ಕಳಿಗೆ ಇಂದಿಗೂ 'ಯಂಗ್ ಮಾಡ್ಯುಲಸ್' ತಪ್ಪಿದ್ದಲ್ಲ. 1818ರಿಂದ, 1829ರಲ್ಲಿ ತೀರಿಕೊಳ್ಳುವವರೆಗೂ, ನಾವಿಕರು ದಾರಿ ತಿಳಿಯಲು ನಂಬುತ್ತಿದ್ದ ಆಕಾಶದ ಪಂಚಾಂಗ 'ನಾಟಿಕಲ್ ಆಲ್ಮನಾಕ್' ಇವನ ಉಸ್ತುವಾರಿಯಲ್ಲಿತ್ತು.

ಇಷ್ಟೆಲ್ಲ ಮಾಡುವ ವೈದ್ಯನನ್ನು ರೋಗಿಗಳು ನಂಬುತ್ತಾರೆಯೇ? ಆ ಅಳುಕು ಅವನಿಗೂ ಇತ್ತು. ರಾಯಲ್ ಇನ್‌ಸ್ಟಿಟ್ಯೂಷನ್‌ನ ಪ್ರಾಧ್ಯಾಪಕ ಹುದ್ದೆಯನ್ನು ಎರಡೇ ವರ್ಷಕ್ಕೆ, 1803ರಲ್ಲಿ, ಬಿಟ್ಟುಬಿಟ್ಟ. ಎಷ್ಟೋ ಬರಹಗಳಿಗೆ ಹೆಸರನ್ನೇ ಹಾಕಲಿಲ್ಲ. ನನ್ನಂಥವರ ಷರಾಕ್ಕೆ ಹೆದರಿದ್ದ ಎನ್ನಿ.

ಗಾದೆಯ ಪರವಾಗಿಯೂ ಹೇಳಬೇಕಾದ್ದಿದೆ. ಯಂಗ್ ಹಲವು ಕೆಲಸಗಳನ್ನು ಅರ್ಧಕ್ಕೇ ಬಿಟ್ಟ. ಬೆಳಕಿನ ಅಲೆಗೆ ಗಟ್ಟಿಯಾದ ಗಣಿತ ಕಟ್ಟಿಕೊಟ್ಟವನು ಫ್ರಾನ್ಸಿನ ಫ್ರೆನೆಲ್. ಈಜಿಪ್ಟಿನ ಚಿತ್ರಲಿಪಿಯಲ್ಲಿ ಯಂಗ್ ಒಂದಷ್ಟು ದೂರ ಹೋದ. 1822ರಲ್ಲಿ ಬಾಗಿಲು ತೆರೆದವನು ಶಾಂಪೋಲಿಯನ್. ಒಂದರಲ್ಲೇ ಕೂತವರಿಗೆ ಸಿಗುವ ಫಲವನ್ನು ನಾನು ಹಗುರವಾಗಿ ಕಾಣಲಾರೆ.

ಆದರೆ 1813ರಲ್ಲಿ ಅವನು ವಿವರಿಸಿದ ಎರಿಯೋಮೀಟರ್ ಎಂಬ ಸಾಧನ ನನ್ನನ್ನು ತಡೆದು ನಿಲ್ಲಿಸುತ್ತದೆ. ತೆಳು ಮೋಡದ ಹನಿಗಳಿಂದ ಚಂದ್ರನ ಸುತ್ತ ಬಣ್ಣದ ಬಳೆ ಮೂಡುವುದನ್ನು ನೋಡಿದ್ದೇವಲ್ಲ? ಅದೇ ರೀತಿ, ಸಣ್ಣ ಕಣಗಳ ಮೂಲಕ ದೀಪ ನೋಡಿದರೂ ಬಳೆಗಳು ಕಾಣುತ್ತವೆ. ಕಣ ಕಿರಿದಾದಷ್ಟೂ ಬಳೆ ಹಿರಿದು. ಬಳೆಯನ್ನು ಅಳೆದು ಕಣದ ಗಾತ್ರ ಹೇಳಬಹುದು. ಹೀಗೆ ಅವನು ರಕ್ತದ ಕಣವನ್ನೂ ಅಳೆದ, ಉಣ್ಣೆಯ ಎಳೆಯನ್ನೂ ಅಳೆದ. ಬೆಳಕು, ರಕ್ತ, ಉಣ್ಣೆ: ನಾನಾಗಿದ್ದರೆ ಮೂರು ಗುಂಡಿ ಎಂದು ಎಣಿಸುತ್ತಿದ್ದೆ. ಅಡಿಯ ನೀರು ಒಂದೇ ಆಗಿತ್ತು.

ಎಲ್ಲ ಚಂಚಲತೆಯೂ ಹೀಗಲ್ಲ. ಬೇಸರ ಬಂದು ಜಿಗಿಯುವ ಮಕ್ಕಳೂ ಇದ್ದಾರೆ, ಒಂದರ ಬೆನ್ನು ಹತ್ತಿ ಇನ್ನೊಂದಕ್ಕೆ ಹೋಗುವವರೂ ಇದ್ದಾರೆ. ಮೇಜಿನ ಈಚೆ ಕೂತವರಿಗೆ ಇಬ್ಬರೂ ಒಂದೇ ಥರ ಕಾಣುತ್ತಾರೆ. ವ್ಯತ್ಯಾಸ ತಿಳಿಯಲು ಇರುವುದು ಒಂದೇ ದಾರಿ: ಕೇಳುವುದು. "ಇದರಿಂದ ಅದಕ್ಕೆ ಹೇಗೆ ಹೋದೆ ಮಗೂ?" ಎಂದು ನಾನು ಅವಳನ್ನು ಕೇಳಲೇ ಇಲ್ಲ. ಕೇಳದೆ ತೀರ್ಪು ಬರೆದದ್ದೇ ನನ್ನ ತಪ್ಪು.

ಗಾರೆಗೆ ಬೆಲ್ಲದ ನೀರು, ಅಳಲೆಕಾಯಿಯ ರಸ ಬೆರೆಸುತ್ತಿದ್ದರೆಂದು ಆಮೇಲೆ ಎಲ್ಲೋ ಓದಿದೆ. ಉತ್ತರ ನನ್ನ ಬಳಿ ಇದೆ. ಕೇಳಿದವಳು ಈಗ ಎಲ್ಲಿದ್ದಾಳೋ.