ಲಿಂಗದೃಷ್ಟಿಯೂ ಸಂಮೋಹನ ನಿದ್ರೆಯೂ



ಕಳೆದ ಶ್ರಾವಣದಲ್ಲಿ ಪುರಾಣವು ಮಂಗಲವಾದ ಮೇಲೆ ವೃದ್ಧ ಗೃಹಸ್ಥರೊಬ್ಬರು ನನ್ನನ್ನು ತಡೆದು ಕೇಳಿದರು: “ಶಾಸ್ತ್ರಿಗಳೇ, ಇಷ್ಟಲಿಂಗದಲ್ಲಿ ದೃಷ್ಟಿಯಿಟ್ಟು ಕುಳಿತಷ್ಟು ಹೊತ್ತು ಕಾಲಿನ ನೋವು ತಿಳಿಯುವುದೇ ಇಲ್ಲ. ನನ್ನ ಮೊಮ್ಮಗನು ಇದನ್ನು ಸಂಮೋಹನವೆನ್ನುತ್ತಾನೆ. ನಾನು ಲಿಂಗದ ಕೃಪೆಯೆನ್ನುತ್ತೇನೆ. ಯಾವುದು ನಿಜ?” ಅವರಿಗೆ ಸಕ್ಕರೆ ರೋಗ, ಕಾಲಿನಲ್ಲಿ ಹುಣ್ಣು. ನೋವು ತಗ್ಗಿತೆಂದು ಎಂಟು ದಿನಗಳಿಂದ ಪಟ್ಟಿ ಕಟ್ಟಿಸುವುದನ್ನೂ ಬಿಟ್ಟಿದ್ದರು. ಆದುದರಿಂದ ಆ ಪ್ರಶ್ನೆಯು ಬರಿಯ ಚರ್ಚೆಯದಾಗಿರಲಿಲ್ಲ.

ಮನವು ಒಂದೆಡೆ ನಿಂತಾಗ ದೇಹದ ಬಾಧೆ ಮರೆಯಾಗುವುದು ಸಹಜಧರ್ಮ. ಹಲ್ಲುನೋವಿನಿಂದ ನರಳುತ್ತ ಪುರಾಣಕ್ಕೆ ಬಂದವನು ಕಥೆಯಲ್ಲಿ ಮೈಮರೆತು, ಮಂಗಳಾರತಿಯ ಗಂಟೆ ಕೇಳಿದ ಮೇಲೆ ಮತ್ತೆ ಕೆನ್ನೆ ಹಿಡಿದುಕೊಳ್ಳುವುದನ್ನು ನಾವು ಕಂಡಿಲ್ಲವೇ?

ಪಶ್ಚಿಮದವರು ಇದನ್ನು ಬಹುಕಾಲ ಪರೀಕ್ಷಿಸಿದರು. ತನ್ನಿಂದ ಹರಿಯುವ ಕಾಂತಶಕ್ತಿಯು ರೋಗ ಕಳೆಯುತ್ತದೆಂದು ಮೆಸ್ಮರನೆಂಬ ವೈದ್ಯನು ಸಾರಿದನು. 1784ರಲ್ಲಿ ಫ್ರಾನ್ಸಿನ ದೊರೆಯು ನೇಮಿಸಿದ ವಿದ್ವಾಂಸರ ಮಂಡಲಿಯು ಅಂತಹ ಶಕ್ತಿಯಿಲ್ಲ, ಕಾಣುವ ಫಲವೆಲ್ಲ ರೋಗಿಯ ಕಲ್ಪನೆಯದೆಂದು ನಿರ್ಣಯಿಸಿತು. 1845ರಲ್ಲಿ ಬಂಗಾಳದ ಹೂಗ್ಲಿಯಲ್ಲಿ ಎಸ್ಡೇಲನೆಂಬ ಶಸ್ತ್ರವೈದ್ಯನು ಅಂಡವೃದ್ಧಿಯಿಂದ ಬಳಲುತ್ತಿದ್ದ ಕೈದಿಯೊಬ್ಬನನ್ನು ಇಂತಹ ನಿದ್ರೆಗೆ ತಂದು ಶಸ್ತ್ರಕ್ರಿಯೆ ನಡೆಸಿದನು. ಕ್ಲೋರೋಫಾರ್ಮು ಬಳಕೆಗೆ ಬರುವುದಕ್ಕೆ ಅದು ಎರಡು ವರ್ಷ ಮೊದಲು. ಬ್ರೇಡನೆಂಬ ಇನ್ನೊಬ್ಬ ವೈದ್ಯನು ಹೊಳೆಯುವ ವಸ್ತುವೊಂದನ್ನು ಕಣ್ಣಿನ ಮುಂದೆ ಹಿಡಿದು, ಅದನ್ನೇ ನೆಟ್ಟು ನೋಡಿಸಿ ಆ ಸ್ಥಿತಿಯನ್ನು ತಂದನು. ಕಾರಣವು ವೈದ್ಯನಲ್ಲಿಲ್ಲ, ನೋಡುವವನ ಏಕಾಗ್ರತೆಯಲ್ಲಿದೆಯೆಂದು 1843ರ ತನ್ನ ಗ್ರಂಥದಲ್ಲಿ ವಾದಿಸಿದನು. ಇಂದಿಗೂ ನೋವನ್ನು ತಗ್ಗಿಸಲು ಕೆಲವು ವೈದ್ಯರು ಇದನ್ನು ಚಿಕಿತ್ಸೆಯ ಜೊತೆಗೆ ಬಳಸುತ್ತಾರೆ.

ನಮಗೆ ದೃಷ್ಟಿಯೋಗ ಹೊಸತಲ್ಲ. ಪ್ರಭುದೇವರಿಗೆ ಲಿಂಗವನ್ನಿತ್ತ ಅನಿಮಿಷಯ್ಯನ ಹೆಸರೇ ಎವೆಯಿಕ್ಕದ ನೋಟವನ್ನು ಹೇಳುತ್ತದೆ. ಹಾಗಾದರೆ ಎರಡೂ ಒಂದೆಯೇ? ಮಾರ್ಗದ ಮೊದಲ ಹೆಜ್ಜೆ ಒಂದೇ ಇರಬಹುದು, ಊರು ಬೇರೆ. ಸಂಮೋಹನದಲ್ಲಿ ಮನವು ಸೂಚನೆಯೊಂದಕ್ಕೆ ತನ್ನನ್ನು ಒಪ್ಪಿಸಿ ನೋವಿನ ಮರೆವನ್ನು ಬಯಸುತ್ತದೆ. ಶಿವಯೋಗದಲ್ಲಿ ಮನವು ಲಿಂಗಕ್ಕೆ ತನ್ನನ್ನು ಒಪ್ಪಿಸಿ ಅರಿವನ್ನು ಬಯಸುತ್ತದೆ. ಅಲ್ಲಿ ಮರೆವು ಫಲ. ಇಲ್ಲಿ ಮರೆವೇ ಕಳೆಯಬೇಕಾದ ಮಲ. ಚಾಮರಸನ ‘ಪ್ರಭುಲಿಂಗಲೀಲೆ’ಯಲ್ಲಿ ಗೋರಕ್ಷನು ಕತ್ತಿಗೂ ಕಡಿಯದ ದೇಹವನ್ನು ಗಳಿಸಿ ಬೀಗುತ್ತಿದ್ದನು. ಕಾಯಸಿದ್ಧಿಯು ಮುಕ್ತಿಯಲ್ಲವೆಂದು ಪ್ರಭುದೇವರು ಅವನಿಗೆ ತೋರಿಸಬೇಕಾಯಿತು. ನೋವು ನಿಂತಿತೆಂದು ಪೂಜೆಯನ್ನು ಅಳೆಯುವವನೂ ಆ ಗೋರಕ್ಷನ ದಾರಿಯನ್ನೇ ಹಿಡಿದವನು.

ಇನ್ನೊಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ನೋವು ಅಡಗಿದ ಮಾತ್ರಕ್ಕೆ ರೋಗ ಅಡಗದು. ಸಕ್ಕರೆ ರೋಗದಲ್ಲಿ ನರಗಳು ಜಡವಾಗಿಯೂ ನೋವು ತಗ್ಗಬಹುದು. ಹುಣ್ಣು ಮಾತ್ರ ಒಳಗೊಳಗೇ ಬೆಳೆಯುತ್ತಿರುತ್ತದೆ. ಶರಣರು ದೇಹವನ್ನು ದೇಗುಲವೆಂದರು. ಮಾಳಿಗೆ ಸೋರುತ್ತಿರಲು ದುರಸ್ತಿ ಮಾಡಿಸದೆ ಗರ್ಭಗುಡಿಯಲ್ಲಿ ಕುಳಿತರೆ ಅದು ಭಕ್ತಿಯಾಗದು.

ಆ ಹಿರಿಯರಿಗೆ ನಾನೆಂದೆ: “ಯಜಮಾನರೇ, ನಿಮಗೆ ದೊರೆತ ಶಾಂತಿಯು ಕೃಪೆಯೇ ಅಹುದು. ನಾಳೆ ಪೂಜೆ ಮುಗಿಸಿ ಆಸ್ಪತ್ರೆಗೆ ಹೊರಡಿರಿ. ಆ ಬುದ್ಧಿ ಬಂದರೆ ಅದೂ ಕೃಪೆಯೇ.” ಅವರು ಹೋದರು. ಒಂದು ಬೆರಳನ್ನು ತೆಗೆಯಬೇಕಾಯಿತು, ಪಾದವು ಉಳಿಯಿತು. ಈಗ ಪ್ರತಿದಿನವೂ ಲಿಂಗವನ್ನು ಅಂಗೈಯಲ್ಲಿರಿಸಿಕೊಂಡು ಕುಳಿತುಕೊಳ್ಳುತ್ತಾರೆ. ಪೂಜೆ ಮುಗಿದ ಮೇಲೆ ಎರಡು ಪಾದಗಳನ್ನೂ ತಿರುವಿ ತಿರುವಿ ನೋಡಿಕೊಳ್ಳುತ್ತಾರೆ.

ಲಿಂಗವನ್ನು ನೋಡಿದ ಕಣ್ಣು ಇಷ್ಟು ಎಚ್ಚರವನ್ನು ಕಲಿತರೆ ಪೂಜೆಯು ಸಾರ್ಥಕ.